‘ನಾರ್ತ್ ಕಂಟ್ರಿ’ಯ ಕೋರ್ಟ್ ದೃಶ್ಯ ನಿಜಾನಾ?

ಹಾಲಿವುಡ್ ಸಿನಿಮಾ ‘ನಾರ್ತ್ ಕಂಟ್ರಿ’ಯಲ್ಲಿ ಕೋರ್ಟಿನೊಳಗೆ ನಾಯಕಿಯ ಬೆಂಬಲಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಲ್ಲುವುದು ನಿಜವಾಗಿ ನಡೆದದ್ದಾ ಅಂತ ಕೇಳಿದ್ದೀರಿ. ಇಲ್ಲ, ಅದು ಸಿನಿಮಾದವರು ಸೇರಿಸಿದ್ದು. ಅಸಲಿ ಕೇಸು ಎಳೆದೂ ಎಳೆದೂ ಹೈರಾಣ ಮಾಡಿದ್ದು.

ಸಿನಿಮಾಕ್ಕೆ ಮೂಲ ಲೋಯಿಸ್ ಜೆನ್ಸನ್ ಎಂಬಾಕೆಯ ಕೇಸು. ಅಮೆರಿಕದ ಮಿನೆಸೋಟಾದ ಕಬ್ಬಿಣದ ಗಣಿಗೆ ಅವಳು ಕೆಲಸಕ್ಕೆ ಸೇರಿದ್ದು 1975ರಲ್ಲಿ. ಅಲ್ಲಿನ ಲೈಂಗಿಕ ಕಿರುಕುಳದ ಬಗ್ಗೆ ದೂರು ಕೊಟ್ಟದ್ದು 1984ರಲ್ಲಿ, ಕೋರ್ಟಿಗೆ ಹೋದದ್ದು 1988ರಲ್ಲಿ. ಗಣಿಯ ಹೆಂಗಸರೆಲ್ಲರ ಪರವಾಗಿ ಒಂದೇ ಕೇಸು ನಡೆಸಲು 1991ರಲ್ಲಿ ಒಪ್ಪಿಗೆ ಸಿಕ್ಕಿತು. ಲೈಂಗಿಕ ಕಿರುಕುಳದ ವಿಷಯದಲ್ಲಿ ಅಮೆರಿಕದಲ್ಲಿ ಇಂಥ ಕೇಸು ಅದೇ ಮೊದಲು. ಆದರೆ ಪರಿಹಾರದ ವಿಚಾರಣೆಯಲ್ಲಿ ಕಂಪನಿ ವಕೀಲರು ಇವರ ಹಳೇ ವೈದ್ಯಕೀಯ ದಾಖಲೆ, ಖಾಸಗಿ ಬದುಕು ಎಲ್ಲ ಕೆದಕಿದರು. ಸಿನಿಮಾದಲ್ಲಿ ನಾಯಕಿಯ ಹಳೇ ಕಥೆ ತೆಗೆಯುತ್ತಾರಲ್ಲ, ಆ ಕ್ರೌರ್ಯ ಮಾತ್ರ ನಿಜಕ್ಕೆ ಹತ್ತಿರ. ಆಗ ಗೊತ್ತುಮಾಡಿದ ಪರಿಹಾರವೂ ಜುಜುಬಿ. 1997ರಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. 1998ರ ಕೊನೆಗೆ ರಾಜಿಯಾಗಿ 15 ಹೆಂಗಸರಿಗೆ ಒಟ್ಟು 35 ಲಕ್ಷ ಡಾಲರ್ ಬಂತು.

ಸಿನಿಮಾ ಖಂಡಿತ ನೋಡಿ. ಕೋರ್ಟ್ ಭಾಗಕ್ಕೆ ಮಸಾಲೆ ಸ್ವಲ್ಪ ಜಾಸ್ತಿ. ಯೂನಿಯನ್ ಸಭೆಯ ದೃಶ್ಯ ಮಾತ್ರ ಬಿಡಬೇಡಿ. ನಾಯಕಿಯನ್ನು ಎಲ್ಲರೂ ಕೂಗಿ ಬಾಯಿ ಮುಚ್ಚಿಸುವಾಗ, ಅದೇ ಗಣಿಯಲ್ಲಿ ದುಡಿಯುವ ಅವಳ ಅಪ್ಪ ಮೈಕ್ ಮುಂದೆ ಬರುತ್ತಾನೆ. ಅಲ್ಲಿಯವರೆಗೆ ಅವಳ ಮೇಲೇ ಸಿಟ್ಟಾಗಿದ್ದವನು ಅವನು!