12 ನಿಮಿಷದ ಟ್ರಯಲ್, ಮುಚ್ಚಿಟ್ಟ ತಲೆನೋವು

ನನ್ನ ಬಳಿ ಆಪ್ತಸಲಹೆಗೆ ಬಂದ ಈ ಪ್ರಕರಣ ಬರೆಯಲು ಹುಡುಗ, ಅವನ ಅಪ್ಪ, ಅಮ್ಮ ಮೂವರೂ ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹುಡುಗನನ್ನು ಸುಹಾಸ್ ಎನ್ನೋಣ. ವಯಸ್ಸು 15. ಮನೆ ಸಿಡ್ನಿಯ ಪಶ್ಚಿಮ ಭಾಗದಲ್ಲಿ. ಅಪ್ಪ ಅಮ್ಮ ದಾವಣಗೆರೆ ಕಡೆಯವರು. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್. ನನ್ನ ಜೊತೆ ಎರಡೂ.

ಕರೆ ಮಾಡಿದ್ದು ತಾಯಿ. "ಮೇಡಂ, ಹತ್ತು ದಿನ ಆಯ್ತು. ರೂಮಿಂದ ಹೊರಗೇ ಬರ್ತಿಲ್ಲ. ಸ್ಕೂಲಿಗೆ ಹೋಗು ಅಂದ್ರೆ ತಲೆನೋವು ಅಂತಾನೆ. ಟೀಮಲ್ಲಿ ಸಿಗಲಿಲ್ಲ ಅಂತ ಇಷ್ಟೊಂದಾ?" ತಂದೆಯದು ಬೇರೆ ಥರದ ಸಂಕಟ. ಆಯ್ಕೆದಾರರಿಗೆ ಕಳಿಸಲೆಂದು ನಾಲ್ಕು ಪುಟದ ಇಮೇಲ್ ಬರೆದಿಟ್ಟಿದ್ದರು. ಹೆಂಡತಿ ಬೇಡಿಕೊಂಡು ತಡೆದಿದ್ದರು.

ನಡೆದದ್ದು ಇದು. ಸುಹಾಸ್ ಶಾಲೆಯಲ್ಲಿ ರಗ್ಬಿ ಆಡುತ್ತಾನೆ. ಅವನ ಜಾಗ ಹಾಫ್‌ಬ್ಯಾಕ್, 9ನೇ ನಂಬರ್. ರಗ್ಬಿ ನೋಡದವರಿಗಾಗಿ ಹೇಳುತ್ತೇನೆ: ಆಟಗಾರರು ಗುಂಪುಗೂಡಿ ತಳ್ಳಾಡುವ ಸ್ಕ್ರಮ್‌ನಿಂದ, ರಕ್‌ನಿಂದ ಚೆಂಡು ಎತ್ತಿ ಹಿಂದಿನವರಿಗೆ ಪಾಸ್ ಮಾಡುವವನು ಅವನೇ. ಆಟದಲ್ಲಿ ಚೆಂಡು ಮುಟ್ಟುವುದು ಅವನೇ ಜಾಸ್ತಿ. ಶಾಲೆಗಳ ಸಂಘವೊಂದು 16 ವರ್ಷದೊಳಗಿನವರ ಪ್ರಾತಿನಿಧಿಕ ತಂಡಕ್ಕೆ ಒಂದು ಭಾನುವಾರ ಟ್ರಯಲ್, ಅಂದರೆ ಆಡಿಸಿ ನೋಡಿ ಆರಿಸುವ ಪರೀಕ್ಷೆ, ಇಟ್ಟಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಶಾಲೆಗಳ ಸಂಘಗಳು ಹೀಗೆ ತಮ್ಮ ತಮ್ಮ ತಂಡ ಆರಿಸುತ್ತವೆ. ಆ ತಂಡಗಳು ಒಂದರ ಎದುರು ಒಂದು ಆಡಿದ ಮೇಲೆ ಅವರಲ್ಲಿ ಕೆಲವರಿಗೆ ರಾಜ್ಯ ತಂಡದ ಬಾಗಿಲು ತೆರೆಯುತ್ತದೆ. ಹಾಗಾಗಿ ಈ ಮೊದಲ ಮೆಟ್ಟಿಲು ತಪ್ಪಿದರೆ ಮುಂದಿನದೆಲ್ಲ ತಪ್ಪಿದಂತೆ. 15ರ ಹುಡುಗರಿಗೆ ಇದು ಚೆನ್ನಾಗಿ ಗೊತ್ತು.

ಟ್ರಯಲ್‌ನಲ್ಲಿ ಬಿಬ್, ಅಂದರೆ ಜರ್ಸಿಯ ಮೇಲೆ ಹಾಕುವ ನಂಬರಿನ ಮೇಲಂಗಿ, ಇರಲಿಲ್ಲ. ತೋಳಿನ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದರು. ಸುಹಾಸ್‌ನದು 47. ಚಳಿ ಇತ್ತು, ಉದ್ದ ತೋಳಿನ ಜರ್ಸಿ ಹಾಕಿದ್ದ, ನಂಬರ್ ಬಟ್ಟೆಯೊಳಗೆ ಹೋಯಿತು. 9ನೇ ಜಾಗಕ್ಕೆ ನಾಲ್ವರು ಬಂದಿದ್ದರು. ಇವನ ಸರದಿ ಕೊನೆಗೆ ಬಂತು, ಅದೂ ವಿಂಗ್‌ನಲ್ಲಿ. ಅಂದರೆ ಮೈದಾನದ ಅಂಚಿನಲ್ಲಿ ನಿಂತು ಚೆಂಡಿಗೆ ಕಾಯುವ ಜಾಗ. ಅವನ ಲೆಕ್ಕದಲ್ಲಿ ಸಿಕ್ಕಿದ್ದು 12 ನಿಮಿಷ. ಚೆಂಡು ಕೈಗೆ ಬಂದದ್ದು ಒಂದೇ ಸಲ. ನೋಡುತ್ತಿದ್ದ ಆಯ್ಕೆದಾರರು ಇಬ್ಬರು. ಅವರಲ್ಲೊಬ್ಬರು ಒಂದು ಶಾಲೆಯ ಕೋಚ್. ಬುಧವಾರ ರಾತ್ರಿ ಒಂಬತ್ತೂವರೆಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿಯ ಫೋಟೋ ಬಂತು. 23 ಹೆಸರು. ಅವುಗಳಲ್ಲಿ ಎಂಟು ಆ ಕೋಚ್ ಶಾಲೆಯವು.

ಆ ಎಂಟೂ ಹುಡುಗರು ನಿಜಕ್ಕೂ ಚೆನ್ನಾಗಿ ಆಡುವವರೇ ಇರಬಹುದು. ಕೋಚ್ ಕೂಡ ಪ್ರಾಮಾಣಿಕರೇ ಇರಬಹುದು. ಆದರೆ ವಾರಕ್ಕೆ ಮೂರು ದಿನ ಕಣ್ಣೆದುರು ಆಡುವ ಹುಡುಗ ಒಂದು ಪಾಸ್ ತಪ್ಪಿದರೆ 'ಇವತ್ತು ಸ್ವಲ್ಪ ಸುಸ್ತಾಗಿದ್ದಾನೆ' ಅನಿಸುತ್ತದೆ. ಗೊತ್ತಿಲ್ಲದ ಹುಡುಗ ಅದೇ ಪಾಸ್ ತಪ್ಪಿದರೆ 'ಇವನಿಗೆ ಪಾಸ್ ಬರಲ್ಲ' ಅನಿಸುತ್ತದೆ. ಇದಕ್ಕೆ ಕೆಟ್ಟ ಮನಸ್ಸೇ ಬೇಕಿಲ್ಲ. ಅದಕ್ಕೇ ತಮ್ಮ ಶಾಲೆಯ ಹುಡುಗರ ವಿಷಯ ಬಂದಾಗ ಆ ಕೋಚ್ ಪಕ್ಕಕ್ಕೆ ನಿಲ್ಲಬೇಕು, ಮೂರನೆಯವರೊಬ್ಬರು ನೋಡಬೇಕು.

ಸುಹಾಸ್ ಜೊತೆ ಮೊದಲು ಒಬ್ಬಳೇ ಕೂತೆ. ಮಕ್ಕಳಿಗೆ ಶುರುವಿನಲ್ಲೇ ಒಂದು ಮಾತು ಹೇಳುತ್ತೇನೆ: ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ, ನಿನ್ನ ಜೀವಕ್ಕೋ ಮೈಗೋ ಅಪಾಯ ಇದ್ದರೆ ಮಾತ್ರ ದೊಡ್ಡವರಿಗೆ ತಿಳಿಸಬೇಕಾಗುತ್ತದೆ, ಆಗಲೂ ಮೊದಲು ನಿನಗೆ ಹೇಳಿಯೇ ತಿಳಿಸುತ್ತೇನೆ. ಆಮೇಲೆ ನೇರವಾಗಿ ಕೇಳಿದೆ, ಸಾಯಬೇಕು ಅಂತ ಅನಿಸಿದೆಯಾ? ಇಲ್ಲ ಎಂದ. ಶಾಲೆಯಲ್ಲಿ ಎಲ್ಲರ ಮುಖ ನೋಡುವುದು ಬೇಡ, ಅಷ್ಟೇ. ಈ ಪ್ರಶ್ನೆ ಕೇಳಲು ಹೆತ್ತವರು ಹೆದರುತ್ತಾರೆ. ಹೆದರಬೇಡಿ. ಕೇಳಿದ್ದರಿಂದ ಮಕ್ಕಳಿಗೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಆಸ್ಟ್ರೇಲಿಯಾದಲ್ಲಿರುವ ಮಕ್ಕಳು 1800 55 1800ಕ್ಕೆ, ಅಂದರೆ ಕಿಡ್ಸ್ ಹೆಲ್ಪ್‌ಲೈನ್‌ಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಆ ನಂಬರನ್ನು ಅವನ ಫೋನಿನಲ್ಲಿ ಸೇವ್ ಮಾಡಿಸಿದೆ.

ಫೋನ್ ತೆಗೆದಾಗಲೇ ನನಗೆ ಅನುಮಾನ ಬಂತು. ಪರದೆಯ ಬೆಳಕನ್ನು ಪೂರ್ತಿ ಇಳಿಸಿದ್ದ. ನಂಬರ್ ಒತ್ತುವಷ್ಟರಲ್ಲಿ ಕಣ್ಣು ಕಿರಿದು ಮಾಡಿದ. ಬೇಜಾರಾದ ಹುಡುಗರು ಸಾಮಾನ್ಯವಾಗಿ ಫೋನಿಗೆ ಅಂಟಿಕೊಳ್ಳುತ್ತಾರೆ. ಇವನು ಅದನ್ನು ಮಗುಚಿ ದೂರ ಇಟ್ಟ.

"ತಲೆಗೇನಾದ್ರೂ ಏಟು ಬಿದ್ದಿತ್ತಾ?"

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಟ್ರಯಲ್‌ಗೆ ಐದು ದಿನ ಮುಂಚೆ, ಮಂಗಳವಾರ, ಶಾಲೆಯ ಅಭ್ಯಾಸದಲ್ಲಿ ಟ್ಯಾಕಲ್ ಮಾಡುವಾಗ ಗೆಳೆಯನ ಮಂಡಿ ಇವನ ಕಿವಿಯ ಮೇಲ್ಭಾಗಕ್ಕೆ ಬಡಿದಿತ್ತು. ಸ್ವಲ್ಪ ಹೊತ್ತು ಎಲ್ಲಾ ಮಸುಕು. ಎದ್ದು ನಿಂತ, ನೀರು ಕುಡಿದ, ಯಾರಿಗೂ ಹೇಳಲಿಲ್ಲ.

"ಹೇಳಿದ್ರೆ 21 ದಿನ ಆಡೋ ಹಾಗಿಲ್ಲ ಆಂಟಿ. ಟ್ರಯಲ್ ಒಂದೇ ದಿನ. ಹೇಳಿದ್ರೆ ಈ ವರ್ಷ ಮುಗೀತು ಅಲ್ವಾ?"

ಅವನ ಲೆಕ್ಕ ತಪ್ಪಿರಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಸಂಕಟವಾದದ್ದು ಈ ಜಾಗದಲ್ಲಿ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2024ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ. ಶಾಲಾ ವಯಸ್ಸಿನವರಿಗೆ ತಲೆಗೆ ಪೆಟ್ಟಾಗಿ ಕನ್‌ಕಷನ್ (ಮಿದುಳು ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು) ಆದರೆ, ಮೈಗೆ ಮೈ ತಾಗುವ ಅಭ್ಯಾಸಕ್ಕೆ ಹೋಗುವ ಮುಂಚೆ 14 ದಿನ ಯಾವ ಲಕ್ಷಣವೂ ಇರಬಾರದು. ಪಂದ್ಯಕ್ಕೆ ಕನಿಷ್ಠ 21 ದಿನ ಕಾಯಬೇಕು. ಒಳ್ಳೆಯ ನಿಯಮ. ಎಳೆಯ ಮಿದುಳು ಚೇತರಿಸಿಕೊಳ್ಳುವುದು ನಿಧಾನ, ಅದು ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದು. ಆದರೆ ಇಡೀ ವರ್ಷಕ್ಕೆ ಒಂದೇ ಬೆಳಿಗ್ಗೆ ಟ್ರಯಲ್ ಇಟ್ಟು, ತಪ್ಪಿಸಿಕೊಂಡವನಿಗೆ ಬೇರೆ ದಾರಿ ಇಲ್ಲ ಎಂದರೆ, ಹುಡುಗರು ಪೆಟ್ಟನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟೇ ಇಡುತ್ತಾರೆ. ಆಯ್ಕೆಯಲ್ಲಿ ನ್ಯಾಯ ಎಂದರೆ ಯಾರದೋ ಮನಸ್ಸು ನೋಯದ ಹಾಗೆ ನೋಡಿಕೊಳ್ಳುವುದು ಮಾತ್ರ ಎಂದು ಅಂದುಕೊಂಡವರು ಇದನ್ನು ಯೋಚಿಸಬೇಕು.

ಈ ವಿಷಯ ಅಪ್ಪ ಅಮ್ಮನಿಗೆ ಇವತ್ತೇ ಗೊತ್ತಾಗಬೇಕು ಎಂದು ಅವನಿಗೆ ಹೇಳಿದೆ. ನಾನು ಹೇಳಲಾ, ನೀನು ಹೇಳ್ತೀಯಾ, ಅದನ್ನು ಮಾತ್ರ ನೀನು ಆರಿಸು ಎಂದೆ. ತಾನೇ ಹೇಳುತ್ತೇನೆ ಎಂದ. ಹೊರಗಿದ್ದವರನ್ನು ಒಳಗೆ ಕರೆದೆ. ಕೇಳಿ ತಾಯಿ ಅವನ ತಲೆ ಸವರತೊಡಗಿದರು. ತಂದೆ, "ನನಗೊಂದು ಮಾತು ಹೇಳಬಾರದಾಗಿತ್ತೇನೋ" ಎಂದರು. ಅವನು, "ಏನೇ ಆಗ್ಲಿ ಟ್ರಯಲ್ ಮಿಸ್ ಆಗಬಾರದು ಅಂತ ನೀವೇ ಹೇಳಿದ್ರಲ್ಲ ಅಪ್ಪ" ಎಂದ. ಅಂದು ಸಂಜೆಯೇ ಡಾಕ್ಟರ ಹತ್ತಿರ ಹೋದರು. ಕನ್‌ಕಷನ್ ಎಂದೇ ಆಯಿತು. ಶಾಲೆಗೆ ಮೊದಲು ಅರ್ಧ ದಿನ, ಪರದೆ ನೋಡುವುದು ಕಡಿಮೆ, ಆಟ ಬಂದ್. ನಿದ್ದೆ ಬಾರದ್ದು, ಸಿಡುಕು, ರೂಮು ಬಿಟ್ಟು ಬಾರದ್ದು, ಇವೆಲ್ಲ ಬರೀ ದುಃಖ ಎಂದು ಮನೆಯವರು ತಿಳಿದಿದ್ದರು. ಅದರಲ್ಲಿ ದೊಡ್ಡ ಪಾಲು ಪೆಟ್ಟಿನದು. ಆಟವಾಡುವ ಮಗು ಮಂಕಾದರೆ ತಲೆಗೆ ಪೆಟ್ಟಾಗಿದೆಯಾ ಎಂದು ದಯವಿಟ್ಟು ಮೊದಲು ಕೇಳಿ.

ತಂದೆಯ ಜೊತೆ ಬೇರೆಯಾಗಿ ಮಾತಾಡಿದೆ. ಇಮೇಲ್ ಓದಿಸಿಕೊಂಡೆ. ಮೊದಲ ಪುಟದಲ್ಲೇ ಆಯ್ಕೆಯಾದ ಇನ್ನೊಬ್ಬ ಹಾಫ್‌ಬ್ಯಾಕ್‌ನ ಹೆಸರಿತ್ತು, ಅವನು ಎಷ್ಟು ಪಾಸ್ ಕೆಡಿಸಿದ ಎಂಬ ಪಟ್ಟಿಯೂ ಇತ್ತು. ಅದೂ 15 ವರ್ಷದ ಮಗುವೇ ಅಲ್ವಾ ಎಂದೆ. ತಲೆ ತಗ್ಗಿಸಿದರು. ಮಾತು ಮುಂದುವರಿದಂತೆ ಹಳೆಯ ಗಾಯವೊಂದು ಹೊರಬಂತು. ಅವರು ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದರಂತೆ. ಜಿಲ್ಲಾ ತಂಡಕ್ಕೆ ಆಗಿಯೇ ಆಗುತ್ತೇನೆ ಎಂದುಕೊಂಡಿದ್ದಾಗ ವಶೀಲಿ ಇದ್ದವನೊಬ್ಬ ಆ ಜಾಗಕ್ಕೆ ಬಂದನಂತೆ. "ಅವತ್ತು ನಮ್ಮಪ್ಪ ಒಂದು ಮಾತು ಕೇಳಲಿಲ್ಲ ಮೇಡಂ. ನನ್ನ ಮಗನಿಗೆ ಹಂಗಾಗಬಾರದು." ಆ ನಾಲ್ಕು ಪುಟದಲ್ಲಿ ಎರಡು ಪುಟ ಮೂವತ್ತು ವರ್ಷ ಹಳೆಯವು.

"ನಮ್ಮ ಬಣ್ಣ ನೋಡಿ ಬಿಟ್ಟರಾ?" ಎಂದೂ ಕೇಳಿದರು. ಇಂಥ ಪ್ರಶ್ನೆಯನ್ನು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಒಂದು ಪಟ್ಟಿ ನೋಡಿ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಸುಹಾಸ್‌ನನ್ನು ಕೇಳಿದೆವು. ಯಾರೂ ಏನೂ ಅಂದಿರಲಿಲ್ಲ, ಬೇರೆಯವರನ್ನೂ ನಂಬರಿನಲ್ಲೇ ಕರೆಯುತ್ತಿದ್ದರು ಎಂದ. ಅಂಥ ಮಾತೊಂದು ಬಿದ್ದಿದ್ದರೆ ನಾವು ಹಿಡಿಯುವ ದಾರಿಯೇ ಬೇರೆ ಇರುತ್ತಿತ್ತು, ನೇರ ಶಾಲೆಗೆ ಲಿಖಿತ ದೂರು.

ದೊಡ್ಡ ಶಾಲೆಯವರಿಗೇ ಎಲ್ಲ ಎಂದೂ ತಂದೆ ಹೇಳಿದರು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹೆಚ್ಚಾಗಿ ಸಿಡ್ನಿಯ ಹಳೆಯ ಖಾಸಗಿ ಶಾಲೆಗಳೇ ಇರುವ ಜಿಪಿಎಸ್ (ಗ್ರೇಟ್ ಪಬ್ಲಿಕ್ ಸ್ಕೂಲ್ಸ್) ಸ್ಪರ್ಧೆ 1892ರಿಂದ ನಡೆಯುತ್ತಿದೆ. ಆ ಶಾಲೆಗಳಲ್ಲಿ ಒಳ್ಳೆಯ ಮೈದಾನ, ಸಂಬಳದ ಕೋಚ್, ಜಿಮ್ ಎಲ್ಲ ಇವೆ. ಹಾಗಂತ ಬೇರೆಯವರಿಗೆ ದಾರಿಯೇ ಇಲ್ಲ ಎಂದಲ್ಲ. 1977-78ರಲ್ಲಿ ಒಂದೂ ಪಂದ್ಯ ಸೋಲದೆ ವಿದೇಶ ಪ್ರವಾಸ ಮುಗಿಸಿದ ಆಸ್ಟ್ರೇಲಿಯಾ ಶಾಲಾ ತಂಡದಲ್ಲಿ ಮಾರ್ಕ್, ಗ್ಲೆನ್, ಗ್ಯಾರಿ ಎಂಬ ಮೂವರು ಎಲಾ ಸಹೋದರರಿದ್ದರು. ಓದಿದ್ದು ಮ್ಯಾಟ್ರಾವಿಲ್ ಎಂಬ ಸರ್ಕಾರಿ ಹೈಸ್ಕೂಲಿನಲ್ಲಿ. ಯಾರೋ ಆ ಶಾಲೆಯ ಮೈದಾನಕ್ಕೂ ಹೋಗಿ ನೋಡಿದ್ದರು ಎಂಬುದು ಇಲ್ಲಿ ಮುಖ್ಯ.

ಹುಟ್ಟಿದ ತಿಂಗಳ ವಿಷಯವನ್ನೂ ಹೇಳಿದೆ. ಇಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಲೆಕ್ಕ. ಸುಹಾಸ್ ನವೆಂಬರ್‌ನವನು. ಅದೇ ಗುಂಪಿನ ಜನವರಿ ಹುಡುಗ ಇವನಿಗಿಂತ ಹತ್ತು ತಿಂಗಳು ದೊಡ್ಡವನು. ಹುಡುಗರು ದಿಢೀರ್ ಬೆಳೆಯುವ ಈ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ತೂಕ, ಎತ್ತರ, ಭುಜ ಎಲ್ಲದರಲ್ಲೂ ಕಾಣುತ್ತದೆ. ಕೆನಡಾದ ರಾಜರ್ ಬಾರ್ನ್ಸ್‌ಲೇ ಮತ್ತು ಸಂಗಡಿಗರು 1980ರ ದಶಕದಲ್ಲೇ ಐಸ್ ಹಾಕಿ ಹುಡುಗರಲ್ಲಿ ಇದನ್ನು ತೋರಿಸಿದರು: ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ. ಬೇಗ ಬೆಳೆದವನನ್ನು ಪ್ರತಿಭಾವಂತ ಎಂದು ತಿಳಿದುಬಿಡುತ್ತೇವೆ. ಇದನ್ನು ಕೇಳಿ ತಂದೆಯ ಮುಖ ಸ್ವಲ್ಪ ಸಡಿಲವಾಯಿತು. ಎದುರಿಗೆ ಯಾವಾಗಲೂ ಒಬ್ಬ ಶತ್ರು ಇರಲೇಬೇಕು ಎಂದೇನಿಲ್ಲ.

ಇಮೇಲ್ ಬಗ್ಗೆ ನಾನು ಕೊಟ್ಟ ಸಲಹೆ ಇದು. ಕಳಿಸಿ, ಆದರೆ ಒಂದು ಪುಟಕ್ಕೆ ಇಳಿಸಿ. ಮಗನನ್ನು ಸೇರಿಸಿಕೊಳ್ಳಿ ಎಂದು ಕೇಳಬೇಡಿ. ಬೇರೆ ಹುಡುಗರ ಹೆಸರು ಬೇಡ. ಆಯ್ಕೆದಾರರಿಗೆ ನೇರವಾಗಿ ಬೇಡ, ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಶಾಲೆಯಲ್ಲಿ ರಗ್ಬಿ ನೋಡಿಕೊಳ್ಳುವ ಮೇಷ್ಟ್ರ ಮೂಲಕ ಹೋಗಲಿ. ಏನನ್ನು ನೋಡಿ ಆರಿಸುತ್ತೀರಿ ಎಂದು ಮುಂಚೆಯೇ ಹುಡುಗರಿಗೆ ಹೇಳುತ್ತೀರಾ? ಪ್ರತಿಯೊಬ್ಬನಿಗೂ ಅವನದೇ ಜಾಗದಲ್ಲಿ ಇಷ್ಟು ನಿಮಿಷ ಎಂದು ಗೊತ್ತುಮಾಡುತ್ತೀರಾ? ತಲೆಗೆ ಪೆಟ್ಟಾಗಿ ವಿಶ್ರಾಂತಿಯಲ್ಲಿರುವವನಿಗೆ ಇನ್ನೊಂದು ಅವಕಾಶ ಇದೆಯಾ? ಇಷ್ಟನ್ನು ಕೇಳಿ ಎಂದೆ. ಕಳಿಸುವ ಮೊದಲು ಮಗ ಓದಬೇಕು, ಅವನು ಬೇಡ ಎಂದರೆ ಬೇಡ. ನಾಳೆ ಆ ಮೈದಾನಕ್ಕೆ ಹೋಗಬೇಕಾದವನು ಅವನು. ಈ ಕೊನೆಯ ಮಾತಿಗೆ ತಂದೆ ಒಪ್ಪಲು ಒಂದು ವಾರ ಹಿಡಿಯಿತು. ಸುಹಾಸ್ ಓದಿ ಎರಡು ಸಾಲು ಹೊಡೆದುಹಾಕಿದ, ಬಿಬ್ ವಿಷಯ ತಾನೇ ಸೇರಿಸಿದ.

ತಲೆನೋವು ಕಡಿಮೆಯಾದ ಮೇಲೆ ಸುಹಾಸ್ ಜೊತೆಗಿನ ಮಾತು ಸುಲಭವಾಯಿತು. ಅವನಿಗೆ ಚುಚ್ಚುತ್ತಿದ್ದದ್ದು ಆಯ್ಕೆಯಾಗದ್ದಲ್ಲ, ತನ್ನನ್ನು ಯಾರೂ ನೋಡಲೇ ಇಲ್ಲ ಎಂಬುದು. ಪಟ್ಟಿ ತಿಳಿದ ರೀತಿಯೂ. ಅಮ್ಮಂದಿರು ಅಪ್ಪಂದಿರು ಅಭಿನಂದನೆಯ ಸ್ಟಿಕರ್ ಹಾಕುತ್ತಿರುವಾಗ ಅಮ್ಮನ ಫೋನಿನಲ್ಲಿ ತನ್ನ ಹೆಸರು ಹುಡುಕುತ್ತಾ ಕೂತಿದ್ದ. ಆಗದವರಿಗೆ ಮೊದಲು ಅವರ ಶಾಲೆಯ ಮೂಲಕ ತಿಳಿಸಿ, ಮರುದಿನ ಪಟ್ಟಿ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ನೀನೇ ಹೋಗಿ ಕೇಳು ಎಂದೆ. 'ಯಾಕೆ ತೊಗೊಳ್ಳಲಿಲ್ಲ' ಅಂತಲ್ಲ, '9ನೇ ನಂಬರಿನವನಲ್ಲಿ ನೀವು ಏನು ನೋಡ್ತೀರಿ' ಅಂತ. ಇಬ್ಬರೂ ಸೇರಿ ಆ ಪ್ರಶ್ನೆಯನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು. ಆಯ್ಕೆದಾರರಲ್ಲಿ ಇನ್ನೊಬ್ಬರು ಒಂದು ಶಾಲಾ ಪಂದ್ಯದಲ್ಲಿ ಅವನನ್ನು ನೋಡಿದ್ದರು. ನೆಲದಿಂದ ಚೆಂಡು ಎತ್ತಿದ ಮೇಲೆ ಎಡಕ್ಕೆ ಪಾಸ್ ಮಾಡುವಾಗ ಸರಿ ಇದ್ದೀಯ, ಬಲಕ್ಕೆ ಮಾಡುವಾಗ ಎರಡು ಹೆಜ್ಜೆ ಇಟ್ಟು ಪಾಸ್ ಮಾಡ್ತೀಯ, ಅಷ್ಟರಲ್ಲಿ ಎದುರಿನವರು ಬಂದುಬಿಡ್ತಾರೆ ಎಂದರು. ಟ್ರಯಲ್‌ನಲ್ಲಿ ನಿನ್ನನ್ನು ನಿನ್ನ ಜಾಗದಲ್ಲಿ ನೋಡಲಾಗಲಿಲ್ಲ ಎಂದೂ ಒಪ್ಪಿಕೊಂಡರು. ಮನೆಗೆ ಬಂದು ಹುಡುಗ ಅವತ್ತು ಸರಿಯಾಗಿ ಊಟ ಮಾಡಿದ ಎಂದು ತಾಯಿ ಹೇಳಿದರು.

ತಂಡ ಬದಲಾಗಲಿಲ್ಲ. ಸಂಘದಿಂದ ಚುಟುಕಾದ ಉತ್ತರ ಬಂತು: ಮುಂದಿನ ವರ್ಷ ನಂಬರ್ ಇರುವ ಬಿಬ್, ಎರಡು ದಿನದ ಟ್ರಯಲ್, ಗಾಯಗೊಂಡವರ ಬಗ್ಗೆ ಶಾಲೆಯ ಕೋಚ್ ವರದಿ ಕೊಟ್ಟರೆ ಬೇರೆಯಾಗಿ ನೋಡುವ ವ್ಯವಸ್ಥೆ. ತಮ್ಮ ಶಾಲೆಯ ಹುಡುಗರ ಆಯ್ಕೆಯಿಂದ ಕೋಚ್ ಹಿಂದೆ ಸರಿಯುವ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ಶಾಲೆಯ ಮೇಷ್ಟ್ರು ಮತ್ತೆ ಕೇಳುವವರಿದ್ದಾರೆ.

ಡಾಕ್ಟರ ಪತ್ರ ಸಿಕ್ಕ ಮೇಲೆ ಸುಹಾಸ್ ಶಾಲೆಯ ತಂಡಕ್ಕೆ ಮರಳಿದ್ದಾನೆ. ಸಂಜೆ ಹಿತ್ತಲಲ್ಲಿ ಅಪ್ಪ ಚೆಂಡು ಇಡುತ್ತಾರೆ, ಮಗ ಹೆಜ್ಜೆ ಇಡದೆ ಬಲಕ್ಕೆ ಎಸೆಯುತ್ತಾನೆ. ಮುಂದಿನ ವರ್ಷ ಟ್ರಯಲ್‌ಗೆ ಹೋಗ್ತೀಯಾ ಎಂದು ಸದ್ಯಕ್ಕೆ ಕೇಳಬೇಡಿ, ಫಾರ್ಮ್ ಬಂದಾಗ ಅವನೇ ತುಂಬಲಿ ಎಂದು ಇಬ್ಬರಿಗೂ ಹೇಳಿದ್ದೇನೆ. ಸೀಸನ್ ಮುಗಿದ ಮೇಲೆ ಮೂವರೂ ಒಮ್ಮೆ ಬಂದು ಹೋಗುತ್ತಾರೆ.