ಅತ್ತೆಯ ಕಾಯಿಲೆ ನಿಮ್ಮ ಮನೆಯದೂ ಹೌದು

ಪ್ರಶ್ನೆ: ನನಗೆ 32 ವರ್ಷ, ಡೊಂಬಿವಲಿಯಲ್ಲಿದ್ದೇನೆ. ಊರಿನಲ್ಲಿರುವ ಅಪ್ಪನ ಅಕ್ಕನಿಗೆ 38ರಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಅಪ್ಪನ ತಾಯಿ ತೀರಿಕೊಂಡದ್ದು ಅಂಡಾಶಯದ ಕ್ಯಾನ್ಸರಿನಿಂದ. ನಮ್ಮದು ಅಳಿಯಸಂತಾನ (ಬಳಿ, ಅಂದರೆ ಕುಲ, ತಾಯಿಯಿಂದ ಬರುವ ಪದ್ಧತಿ), ನಾನು ಅಮ್ಮನ ಬಳಿಯವಳಾದ್ದರಿಂದ ಭಯವಿಲ್ಲ ಎನ್ನುತ್ತಾರೆ. ಹೌದೇ?

ಖಂಡಿತ ಅಲ್ಲ. ಮುಂಬಯಿಯ ನಮ್ಮವರು ಇದನ್ನು ಕೇಳಿದಾಗಲೆಲ್ಲ, ಹೀಗೆ ಸಮಾಧಾನ ಹೇಳಿ ಕಳಿಸಿದ ಹಿರಿಯರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಳಿ ನೋಡುವುದು ಮದುವೆಗೆ, ಆಸ್ತಿಗೆ. ಸ್ತನ, ಅಂಡಾಶಯದ ಕ್ಯಾನ್ಸರ್ ಮನೆತನದಲ್ಲಿ ಹೀಗೆ ಇಳಿದುಬರುವುದು ಹೆಚ್ಚಾಗಿ ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನುಗಳಲ್ಲಿ ದೋಷವಿದ್ದಾಗ. ಬಿಆರ್‌ಸಿಎ1 ಇರುವುದು 17ನೇ ವರ್ಣತಂತುವಿನಲ್ಲಿ, ಬಿಆರ್‌ಸಿಎ2 13ನೆಯದರಲ್ಲಿ. ಎರಡೂ ತಂದೆತಾಯಿ ಇಬ್ಬರಿಂದಲೂ ಬರುತ್ತವೆ. ನಿಮ್ಮ ಅಪ್ಪನಲ್ಲಿ ದೋಷವಿದ್ದರೆ, ಅವರು ಗಟ್ಟಿಮುಟ್ಟಾಗಿದ್ದರೂ, ಅದು ನಿಮಗೆ ಬಂದಿರುವ ಸಂಭವ ಅರ್ಧಕ್ಕರ್ಧ. ಬಿಆರ್‌ಸಿಎ1 ದೋಷವಿರುವ ನೂರು ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ.

ಹಾಗೆಂದು ನಾಳೆಯೇ ಲ್ಯಾಬಿಗೆ ಓಡಬೇಡಿ. ಮೊದಲು ಪರೀಕ್ಷೆಯಾಗಬೇಕಾದದ್ದು ಅತ್ತೆಯ ರಕ್ತ. ಅವರಲ್ಲಿ ದೋಷ ಸಿಕ್ಕರೆ ಆ ಒಂದನ್ನೇ ಅಪ್ಪನಲ್ಲಿ, ನಿಮ್ಮಲ್ಲಿ ಹುಡುಕಿದರೆ ಸಾಕು. ಆಗ ‘ಇಲ್ಲ’ ಎಂದು ಬಂದರೆ ಆ ದೋಷ ನಿಮ್ಮಲ್ಲಿಲ್ಲ, ನೆಮ್ಮದಿಯಾಗಿರಿ. ಅವರನ್ನು ಬಿಟ್ಟು ನಿಮ್ಮದನ್ನೇ ಮಾಡಿಸಿ ‘ಇಲ್ಲ’ ಬಂದರೆ, ದೋಷ ನಿಮಗೆ ಇಳಿದಿಲ್ಲವೋ, ಈ ಪರೀಕ್ಷೆಗೆ ಸಿಗದಂಥದ್ದೋ ತಿಳಿಯುವುದಿಲ್ಲ. ಅತ್ತೆ ಊರಿನಿಂದ ಬರಲು ಒಪ್ಪದಿರಬಹುದು, ‘ಈಗ ಯಾಕೆ ಅದೆಲ್ಲ’ ಎನ್ನಬಹುದು. ಕಾಡಿ ಬೇಡಿ ಒಪ್ಪಿಸಿ. ಅವರ ಹೆಣ್ಣುಮಕ್ಕಳಿಗೂ ಇದು ಬೇಕು.

ಪರೇಲಿನ ಟಾಟಾ ಆಸ್ಪತ್ರೆಯವರ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ ಇದೆ. ಮೂರು ತಲೆಮಾರಿನಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಎಂದು ಬರೆದುಕೊಂಡು ಹೋಗಿ. ವರದಿಯಲ್ಲಿ ‘ಅರ್ಥ ಅನಿಶ್ಚಿತ’ ಎನ್ನುವ ಬದಲಾವಣೆ ಬಂದರೆ ಅದನ್ನು ನಂಬಿ ಸ್ತನವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಸಬೇಡಿ. ದೋಷ ಖಚಿತವಾದರೂ ಅದೇ ವಾರ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡುವುದನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಎಂಆರ್‌ಐ, ಮ್ಯಾಮೊಗ್ರಾಮ್ ಮಾಡಿಸುತ್ತ ಯೋಚಿಸಲು ಸಮಯವಿರುತ್ತದೆ. ಅಂಡಾಶಯದ ವಿಷಯದಲ್ಲಿ ಮಾತ್ರ ನಾನು ಗಟ್ಟಿ: ಅಲ್ಲಿ ನಂಬಬಹುದಾದ ತಪಾಸಣೆಯೇ ಇಲ್ಲ. ಬಿಆರ್‌ಸಿಎ1 ದೋಷವಿದ್ದರೆ, ಮಕ್ಕಳಾದ ಮೇಲೆ, 35ರಿಂದ 40ರೊಳಗೆ ತೆಗೆಸಿಬಿಡಿ.

ಮಾಟುಂಗಾದ ಓದುಗರಿಗೆ: ಕಪ್ಪು ಒಳಉಡುಪಿನಿಂದ ಕ್ಯಾನ್ಸರ್ ಬರುವುದಿಲ್ಲ.

ಮಗಳ ಮದುವೆಯ ಮಾತುಕತೆಗೆ ಹೆದರಿ ಪರೀಕ್ಷೆಯನ್ನು ಮುಚ್ಚಿಡಬೇಕೆನ್ನುವ ಠಾಣೆಯ ತಾಯಿಗೆ: ವರದಿ ಮಗಳದು, ನಿರ್ಧಾರವೂ ಅವಳದೇ.

ಸೂಜಿ ಚುಚ್ಚಿದರೆ ಗಂಟು ಹರಡುತ್ತದೆಂದು ಹೆದರಿಸಿ ಆರು ತಿಂಗಳಿಂದ ಭಸ್ಮ ತಿನ್ನಿಸುತ್ತಿರುವವನ ಬಗ್ಗೆ ವಾಶಿಯಿಂದ ಬರೆದವರಿಗೆ: ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆನ್ನುವುದು ಸುಳ್ಳು, ಅವನು ನಿಮ್ಮ ಆರು ತಿಂಗಳನ್ನು ಕದ್ದಿದ್ದಾನೆ. ಭಸ್ಮ ಇಂದೇ ನಿಲ್ಲಿಸಿ, ಈ ವಾರವೇ ಬಯಾಪ್ಸಿ ಮಾಡಿಸಿ.