ಕಾನೂನು ಪ್ರಕಾರವೇ ಡೊನೇಷನ್ ಕೊಡಬಹುದಿತ್ತಲ್ಲ, ಅಮೆರಿಕದ ಶ್ರೀಮಂತರು ಕಳ್ಳದಾರಿ ಯಾಕೆ ಹಿಡಿದರು?

ಒಂದೇ ಮಾತಿನ ಉತ್ತರ ಬೇಕಿದ್ದರೆ: ಅವರ ಹತ್ತಿರ ಅಷ್ಟು ದುಡ್ಡಿರಲಿಲ್ಲ.

ನಗಬೇಡಿ, ತಮಾಷೆ ಮಾಡುತ್ತಿಲ್ಲ. ನೀವು ಕೇಳಿರುವುದು 2019ರಲ್ಲಿ ಬಯಲಾದ 'ವಾರ್ಸಿಟಿ ಬ್ಲೂಸ್' ಹಗರಣದ ಬಗ್ಗೆ. ನಟಿಯರು, ಹೆಸರಾಂತ ವಕೀಲರು, ಹೂಡಿಕೆ ಕಂಪನಿಗಳ ದೊಡ್ಡ ತಲೆಗಳು ಲಂಚ ಕೊಟ್ಟು ಮಕ್ಕಳನ್ನು ಯೇಲ್, ಸ್ಟ್ಯಾನ್‌ಫರ್ಡ್, ಜಾರ್ಜ್‌ಟೌನ್, ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ತರಹದ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಸೇರಿಸಲು ಹೊರಟ ಕೇಸು. ಕಾಲೇಜಿಗೆ ಕಟ್ಟಡ ಕಟ್ಟಿಸಿಕೊಟ್ಟು ಸೀಟು ಗಿಟ್ಟಿಸುವುದು ಅಲ್ಲಿ ಅಪರಾಧವೇ ಅಲ್ಲವಂತೆ, ಹಾಗಿದ್ದಮೇಲೆ ಈ ಕಳ್ಳಾಟ ಯಾಕೆ ಬೇಕಿತ್ತು ಎನ್ನುವುದು ನಿಮ್ಮ ಪ್ರಶ್ನೆ. ಮಕ್ಕಳಿಗೆ ಇದು ಗೊತ್ತಿತ್ತಾ ಅಂತಲೂ ಕೇಳಿದ್ದೀರಿ. ಆಗ ಎಫ್‌ಬಿಐ ಕೋರ್ಟಿಗೆ ಕೊಟ್ಟ 204 ಪುಟಗಳ ಅಫಿಡವಿಟ್ಟನ್ನು ನಾನು ಪಟ್ಟಾಗಿ ಕೂತು ಓದಿದ್ದೆ. ಕದ್ದು ಕೇಳಿದ ಫೋನ್ ಮಾತುಕತೆಗಳೇ ಅದರ ತುಂಬ. ಪತ್ತೇದಾರಿ ಕಾದಂಬರಿ ಇದರ ಮುಂದೆ ಸಪ್ಪೆ.

ಎಲ್ಲದರ ಸೂತ್ರಧಾರ ರಿಕ್ ಸಿಂಗರ್. ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನವನು. ಯಾವ ಕಾಲೇಜಿಗೆ ಅರ್ಜಿ ಹಾಕಬೇಕು, ಹೇಗೆ ಹಾಕಬೇಕು ಅಂತ ಸಲಹೆ ಕೊಡುವುದು ಅವನ ಕಸುಬು. ಗಿರಾಕಿಗಳಿಗೆ ಅವನು ಒಂದು ಲೆಕ್ಕ ಒಪ್ಪಿಸುತ್ತಿದ್ದ. ಕಾಲೇಜಿಗೆ ಮುಂಬಾಗಿಲಿದೆ, ಹುಡುಗ ತನ್ನ ಸ್ವಂತ ಶಕ್ತಿಯಿಂದ ಒಳಗೆ ಹೋಗುವುದು. ಹಿಂಬಾಗಿಲಿದೆ, ಕಾಲೇಜಿಗೆ ದೊಡ್ಡ ಮೊತ್ತದ ದಾನ ಕೊಟ್ಟು ಹೋಗುವುದು, ಅದಕ್ಕೆ ಹತ್ತು ಪಟ್ಟು ದುಡ್ಡು ಬೇಕು. ನಾನು ಪಕ್ಕದಲ್ಲಿ ಇನ್ನೊಂದು ಬಾಗಿಲು ಮಾಡಿಟ್ಟಿದ್ದೇನೆ ಅನ್ನುತ್ತಿದ್ದ.

ನಿಮ್ಮ ಪ್ರಶ್ನೆಗೆ ಉತ್ತರ ಈ 'ಹತ್ತು ಪಟ್ಟು' ಎನ್ನುವುದರಲ್ಲೇ ಇದೆ. ಪಕ್ಕದ ಬಾಗಿಲಿಗೆ ಎರಡೂವರೆ ಲಕ್ಷ ಡಾಲರ್, ಐದು ಲಕ್ಷ ಡಾಲರ್, ಹೀಗೆ ರೇಟು. ಹಿಂಬಾಗಿಲಿಗೆ ಲಕ್ಷದ ಲೆಕ್ಕ ಸಾಲದು, ಕೋಟಿಗೆ ಹೋಗಬೇಕು. ಅಷ್ಟು ಕೊಟ್ಟರೂ ಕಾಲೇಜು ಬಾಯಿಬಿಟ್ಟು ಮಾತು ಕೊಡುವುದಿಲ್ಲ. ಅರ್ಜಿಯನ್ನು ವಿಶೇಷವಾಗಿ ಗಮನಿಸುತ್ತೇವೆ ಅನ್ನುತ್ತದೆ, ಅಷ್ಟೇ. ಆ ಕಾಲಕ್ಕೆ ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ಜಿ ಹಾಕಿದ ನೂರು ಜನರಲ್ಲಿ ಐವರಿಗೂ ಸೀಟು ಸಿಗುತ್ತಿರಲಿಲ್ಲ. ನಮ್ಮ ನಿಮ್ಮ ಕಣ್ಣಿಗೆ ಈ ಅಪ್ಪ ಅಮ್ಮಂದಿರು ಕುಬೇರರು. ಕಾಲೇಜಿನ ಕಣ್ಣಿಗೆ ಮಾತ್ರ ಸಾಧಾರಣ ಸಾಹುಕಾರರು. ಕಟ್ಟಡಕ್ಕೆ ಹೆಸರಿಡುವಷ್ಟು ದೊಡ್ಡವರಲ್ಲ, ಮಗುವಿನ ಪಾಡನ್ನು ಅದೃಷ್ಟಕ್ಕೆ ಬಿಡುವಷ್ಟು ಸಣ್ಣವರೂ ಅಲ್ಲ. ಅವರಿಗೆ ಬೇಕಿದ್ದದ್ದು ಗ್ಯಾರಂಟಿ. ಸಿಂಗರ್ ಮಾರಿದ್ದೂ ಅದನ್ನೇ. 2011ರಿಂದ 2018ರವರೆಗೆ ಅವನ ಕೈಗೆ ಬಂದದ್ದು ಸುಮಾರು 2.5 ಕೋಟಿ ಡಾಲರ್ ಅಂತ ಸರ್ಕಾರಿ ವಕೀಲರು ಹೇಳಿದರು.

ಗ್ಯಾರಂಟಿ ಕೊಡುವುದಕ್ಕೆ ಅವನ ಹತ್ತಿರ ಎರಡು ದಾರಿಗಳಿದ್ದವು.

ಮೊದಲನೆಯದು ಪರೀಕ್ಷೆ. ಎಸ್‌ಎಟಿ, ಎಸಿಟಿ ಅಂತ ಪ್ರವೇಶ ಪರೀಕ್ಷೆಗಳಿವೆಯಲ್ಲ, ಅವುಗಳಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಹೆಚ್ಚಿನ ಸಮಯ ಕೊಡುತ್ತಾರೆ. ನ್ಯಾಯವಾದ ಸೌಲಭ್ಯ. ಆ ಅನುಮತಿ ಸಿಕ್ಕರೆ ಹುಡುಗ ಎಲ್ಲರ ಜೊತೆ ಹಾಲ್‌ನಲ್ಲಿ ಕೂರಬೇಕಾಗಿಲ್ಲ. ಬೇರೆ ಕೋಣೆ, ಒಬ್ಬರೇ ಮೇಲ್ವಿಚಾರಕರು. ಆಮೇಲೆ ಆ ವಾರ ಬೇರೆ ಊರಲ್ಲಿ ಮದುವೆಯಿದೆ ಅಂತ ಏನೋ ಒಂದು ನೆಪ ಹೇಳಿ ಪರೀಕ್ಷಾ ಕೇಂದ್ರ ಬದಲಾಯಿಸಿಕೊಳ್ಳುವುದು. ಹೂಸ್ಟನ್ನಿನಲ್ಲಿ ಒಂದು, ವೆಸ್ಟ್ ಹಾಲಿವುಡ್‌ನಲ್ಲಿ ಒಂದು, ಎರಡು ಕೇಂದ್ರಗಳವರ ಕೈ ಮೊದಲೇ ಬಿಸಿಯಾಗಿರುತ್ತಿತ್ತು. ಹಾರ್ವರ್ಡ್‌ನಲ್ಲಿ ಓದಿದ್ದ ಒಬ್ಬ ಬುದ್ಧಿವಂತ ಫ್ಲಾರಿಡಾದಿಂದ ವಿಮಾನ ಹತ್ತಿ ಬರುತ್ತಿದ್ದ. ಕೆಲವೊಮ್ಮೆ ಹುಡುಗನ ಬದಲು ತಾನೇ ಬರೆಯುತ್ತಿದ್ದ, ಕೆಲವೊಮ್ಮೆ ಹುಡುಗ ಬರೆದು ಹೋದಮೇಲೆ ಕೂತು ಉತ್ತರ ತಿದ್ದುತ್ತಿದ್ದ. ಒಂದು ಪರೀಕ್ಷೆಗೆ ಅವನಿಗೆ ಸಾಮಾನ್ಯವಾಗಿ 10,000 ಡಾಲರ್. ಅಪ್ಪ ಅಮ್ಮ ಕೊಡುತ್ತಿದ್ದದ್ದು 15,000ದಿಂದ 75,000. ಅವನ ಕೈಚಳಕ ಪೂರ್ತಿ ಅಂಕ ತೆಗೆಯುವುದರಲ್ಲಿ ಇರಲಿಲ್ಲ. ಇಂತಿಷ್ಟು ಬೇಕು ಅಂದರೆ ಹೆಚ್ಚುಕಡಿಮೆ ಅಷ್ಟೇ ತೆಗೆಯುತ್ತಿದ್ದ. ಹಳೇ ಅಂಕಕ್ಕೂ ಹೊಸದಕ್ಕೂ ಅಂತರ ವಿಪರೀತವಾದರೆ ಪರೀಕ್ಷೆ ನಡೆಸುವವರಿಗೆ ಅನುಮಾನ ಬರುತ್ತದಲ್ವಾ!

ಅಫಿಡವಿಟ್‌ನಲ್ಲಿ ಈ ಭಾಗ ಓದುವಾಗ ನನಗೆ ಮೈ ಉರಿದದ್ದು ಒಂದು ಕಡೆ. ಹೆಚ್ಚಿನ ಸಮಯ ಬೇಕೆಂದರೆ ಮನಶ್ಶಾಸ್ತ್ರಜ್ಞರ ವರದಿ ಬೇಕು. ಒಬ್ಬ ದೊಡ್ಡ ವಕೀಲರಿಗೆ ಸಿಂಗರ್ ಫೋನ್‌ನಲ್ಲೇ ಹೇಳುತ್ತಾನೆ: ಮಗಳು ಅಲ್ಲಿಗೆ ಹೋದಾಗ ದಡ್ಡಿಯ ಹಾಗೆ ಇರಲಿ, ಇರುವಷ್ಟು ಜಾಣತನ ತೋರಿಸುವುದು ಬೇಡ. ನಿಜವಾಗಿ ಅಕ್ಷರ ಕೂಡಿಸಲು ಒದ್ದಾಡುವ ಮಗುವಿನ ಅಪ್ಪ ಅಮ್ಮ ಇದೇ ವರದಿಗಾಗಿ ಎಷ್ಟು ಅಲೆಯಬೇಕು ಯೋಚಿಸಿ. ಇಂಥವರ ದೆಸೆಯಿಂದ ನಾಳೆ ಅಂಥ ಮಕ್ಕಳನ್ನೂ ಅನುಮಾನದಿಂದ ನೋಡುತ್ತಾರೆ. ಸೀಟು ಕದ್ದದ್ದಕ್ಕಿಂತ ಇದು ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯ ದಾರಿ ಕ್ರೀಡೆ. ಗ್ಯಾರಂಟಿ ಅಂದರೆ ನಿಜವಾದ ಗ್ಯಾರಂಟಿ ಇದೇ.

ಅಮೆರಿಕದ ಕಾಲೇಜುಗಳಲ್ಲಿ ಕೋಚ್ 'ಈ ಹುಡುಗ ನನ್ನ ತಂಡಕ್ಕೆ ಬೇಕು' ಅಂತ ಪಟ್ಟಿ ಕೊಟ್ಟರೆ ಪ್ರವೇಶ ವಿಭಾಗ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಹಾರ್ವರ್ಡ್ ಮೇಲೆ ನಡೆದ ಇನ್ನೊಂದು ಕೇಸಿನಲ್ಲಿ ಹೊರಬಿದ್ದ ಅಂಕಿಅಂಶ ನೋಡಿದರೆ, ಹೀಗೆ ಕೋಚ್ ಆರಿಸಿದವರಲ್ಲಿ 86% ಮಂದಿಗೆ ಸೀಟು ಸಿಕ್ಕಿತ್ತು. ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆದರೆ ಟಿವಿಯಲ್ಲಿ ಬರುತ್ತದೆ, ಸುಳ್ಳು ಆಟಗಾರ ಮೊದಲ ವಾರವೇ ಸಿಕ್ಕಿಬೀಳುತ್ತಾನೆ. ದೋಣಿ ಹುಟ್ಟು ಹಾಕುವುದು, ಹಾಯಿದೋಣಿ, ವಾಟರ್ ಪೋಲೊ, ಟೆನಿಸ್‌ನಲ್ಲಿ ಯಾರು ಬಂದರು, ಯಾರು ಬಿಟ್ಟರು ಅಂತ ಕೇಳುವವರು ಯಾರು? ಕೋಚ್ ಹೇಳಿದ್ದೇ ಮಾತು. ಮೇಲಾಗಿ ಇಂಥ ಸಣ್ಣ ಆಟಗಳ ಕೋಚ್‌ಗಳು ತಂಡದ ಖರ್ಚಿಗೆ ತಾವೇ ದುಡ್ಡು ಎತ್ತಬೇಕು. ಸಿಂಗರ್ ಇವರನ್ನೇ ಹುಡುಕಿಕೊಂಡು ಹೋದ. ಬೇಲಿ ಕಾಯುವವರೇ ಬೇಲಿ ತೆಗೆದುಕೊಟ್ಟರು.

ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಒಂದು ಉದಾಹರಣೆ. ಲಾಸ್ ಏಂಜಲೀಸ್‌ನ ಒಬ್ಬ ಉದ್ಯಮಿ ಮಗನನ್ನು ವಾಟರ್ ಪೋಲೊ ಆಟಗಾರ ಮಾಡಬೇಕಿತ್ತು. ಆನ್‌ಲೈನ್‌ನಲ್ಲಿ ಚೆಂಡು, ಟೋಪಿ ತರಿಸಿದ. ಮಗನನ್ನು ಮನೆಯ ಈಜುಕೊಳಕ್ಕೆ ಇಳಿಸಿ ಫೋಟೊ ತೆಗೆದ. ಡಿಸೈನರ್ ಒಬ್ಬನಿಗೆ ಕೊಟ್ಟು ಪಂದ್ಯ ಆಡುತ್ತಿರುವ ಹಾಗೆ ತಿದ್ದಿಸಿದ. ಅದನ್ನು ನೋಡಿ ಸಿಂಗರ್ ಬರೆಯುತ್ತಾನೆ, ಪರವಾಗಿಲ್ಲ, ಆದರೆ ಹುಡುಗ ನೀರಿನಿಂದ ಸ್ವಲ್ಪ ಜಾಸ್ತಿ ಮೇಲೆ ಬಂದಿದ್ದಾನೆ, ಅಷ್ಟು ಎತ್ತರಕ್ಕೆ ಯಾರೂ ಬರುವುದಿಲ್ಲ ಅಂತ. ಸುಳ್ಳಿಗೂ ಕ್ವಾಲಿಟಿ ಚೆಕ್!

ನಟಿ ಲೋರಿ ಲಾಫ್ಲಿನ್ ಮತ್ತು ಅವರ ಗಂಡ ಕೊಟ್ಟದ್ದು ಐದು ಲಕ್ಷ ಡಾಲರ್. ಇಬ್ಬರು ಹೆಣ್ಣುಮಕ್ಕಳು ಹುಟ್ಟು ಹಾಕುವ ಯಂತ್ರದ ಮೇಲೆ ಕೂತು ಫೋಟೊ ತೆಗೆಸಿಕೊಂಡು ಯುಎಸ್‌ಸಿಯ ರೋಯಿಂಗ್ ತಂಡದ ಹೆಸರಲ್ಲಿ ಒಳಗೆ ಹೋದರು. ಆ ಮಕ್ಕಳ ಹೈಸ್ಕೂಲಿನ ಕೌನ್ಸೆಲರ್‌ಗೆ ಅನುಮಾನ ಬಂದಿತ್ತು, ಈ ಹುಡುಗಿ ಯಾವತ್ತು ದೋಣಿ ಹತ್ತಿದ್ದಳು ಅಂತ. ಅದನ್ನು ಕೇಳಿ ಅಪ್ಪ ಶಾಲೆಗೇ ಹೋಗಿ ಜಗಳ ತೆಗೆದರು. ಆಗ ವಿಶ್ವವಿದ್ಯಾಲಯದ ಒಳಗಿದ್ದ ಅಧಿಕಾರಿ ಸಿಂಗರ್‌ಗೆ ವಾಯ್ಸ್‌ಮೇಲ್ ಬಿಡುತ್ತಾರೆ: ಅಪ್ಪ ಅಮ್ಮಂದಿರು ಶಾಲೆಗೆ ಹೋಗಿ ಕೌನ್ಸೆಲರ್‌ಗಳ ಮೇಲೆ ಕೂಗಾಡುವುದು ಬೇಡ, ಹಾಗಾದರೆ ಎಲ್ಲವೂ ಬಂದ್ ಆಗುತ್ತದೆ. ಸರಿಯಾದ ಪ್ರಶ್ನೆ ಎತ್ತಿದವರು ಆ ಒಬ್ಬ ಕೌನ್ಸೆಲರ್. ಅವರಿಗೆ ಸಿಕ್ಕಿದ್ದು ಬೈಗುಳ.

ದುಡ್ಡು ಹೇಗೆ ಕೈ ಬದಲಾಗುತ್ತಿತ್ತು ಅಂದರೆ, ಸಿಂಗರ್ ಒಂದು ದತ್ತಿ ಸಂಸ್ಥೆ ಇಟ್ಟುಕೊಂಡಿದ್ದ. ಲಂಚ ಅದಕ್ಕೆ ದಾನವಾಗಿ ಹೋಗುತ್ತಿತ್ತು. ನಿಮ್ಮ ಔದಾರ್ಯದಿಂದ ಹಿಂದುಳಿದ ಮಕ್ಕಳಿಗೆ ಅನುಕೂಲವಾಗುತ್ತದೆ, ಇದಕ್ಕೆ ಬದಲಾಗಿ ನಿಮಗೆ ಏನೂ ಕೊಟ್ಟಿಲ್ಲ ಅಂತ ರಸೀದಿ ಬರುತ್ತಿತ್ತು. ಆ ರಸೀದಿ ತೋರಿಸಿ ಅನೇಕರು ತೆರಿಗೆಯಲ್ಲೂ ವಿನಾಯಿತಿ ತೆಗೆದುಕೊಂಡರು. ಅಂದರೆ ಲಂಚದ ಒಂದು ಪಾಲನ್ನು ಸರ್ಕಾರವೇ ಭರಿಸಿದ ಹಾಗಾಯಿತು.

ಸಿಕ್ಕಿಬಿದ್ದದ್ದು ಕಾಲೇಜುಗಳ ಎಚ್ಚರದಿಂದ ಅಂತ ನೀವು ಅಂದುಕೊಂಡಿದ್ದರೆ, ಇಲ್ಲ. ಷೇರು ವಂಚನೆ ಕೇಸಿನಲ್ಲಿ ಸಿಕ್ಕಿಕೊಂಡಿದ್ದ ಒಬ್ಬಾತ ತನ್ನ ಶಿಕ್ಷೆ ಕಮ್ಮಿಯಾಗಲಿ ಅಂತ, ಯೇಲ್‌ನ ಮಹಿಳಾ ಸಾಕರ್ ಕೋಚ್ ಲಂಚ ಕೇಳುತ್ತಿದ್ದಾನೆ ಅಂತ ಬಾಯಿಬಿಟ್ಟ. 2018ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಹೋಟೆಲ್ ಕೋಣೆಯಲ್ಲಿ ಕೋಚ್ ರೆಕಾರ್ಡಿಂಗ್‌ಗೆ ಸಿಕ್ಕ. ಅವನಿಂದ ಸಿಂಗರ್. ಸಿಂಗರ್ ತಕ್ಷಣ ಬಣ್ಣ ಬದಲಾಯಿಸಿ, ಎಫ್‌ಬಿಐ ಹೇಳಿದ ಹಾಗೆ ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿದ: ತೆರಿಗೆಯವರು ನನ್ನ ಲೆಕ್ಕ ನೋಡುತ್ತಿದ್ದಾರೆ, ಇಬ್ಬರೂ ಒಂದೇ ಮಾತು ಹೇಳೋಣ ಅಂತ. ಒಬ್ಬೊಬ್ಬರಾಗಿ ಹಳ್ಳಕ್ಕೆ ಬಿದ್ದರು. 2019ರ ಮಾರ್ಚ್ 12ರಂದು 50 ಜನರ ಹೆಸರು ಹೊರಬಂತು, ಅದರಲ್ಲಿ 33 ಮಂದಿ ತಂದೆ ತಾಯಿಯರು.

ಶಿಕ್ಷೆ? ನಟಿ ಫೆಲಿಸಿಟಿ ಹಫ್‌ಮನ್ 15,000 ಡಾಲರ್ ಕೊಟ್ಟು ಮಗಳ ಎಸ್‌ಎಟಿ ಉತ್ತರ ತಿದ್ದಿಸಿದ್ದರು, 14 ದಿನ ಜೈಲು. ಲಾಫ್ಲಿನ್‌ಗೆ ಎರಡು ತಿಂಗಳು, ಗಂಡನಿಗೆ ಐದು. ಸುಮಾರು 35 ಲಕ್ಷ ಡಾಲರ್ ತಿಂದ ಜಾರ್ಜ್‌ಟೌನ್‌ನ ಟೆನಿಸ್ ಕೋಚ್‌ಗೆ ಎರಡೂವರೆ ವರ್ಷ. ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷ. ಹಫ್‌ಮನ್ ತೀರ್ಪು ಬಂದಾಗ ಅಲ್ಲಿನ ಜನ ಓಹಾಯೊದ ಒಬ್ಬ ಕಪ್ಪು ತಾಯಿಯನ್ನು ನೆನಪಿಸಿಕೊಂಡರು. ಒಳ್ಳೆಯ ಸರ್ಕಾರಿ ಶಾಲೆ ಸಿಗಲಿ ಅಂತ ತನ್ನ ತಂದೆಯ ಮನೆ ವಿಳಾಸ ಕೊಟ್ಟಿದ್ದಕ್ಕೆ ಆಕೆ 2011ರಲ್ಲಿ ಒಂಬತ್ತು ದಿನ ಜೈಲಲ್ಲಿದ್ದರು.

ಈಗ ನಿಮ್ಮ ಪ್ರಶ್ನೆಯಲ್ಲಿರುವ 'ಕಾನೂನು ಪ್ರಕಾರ' ಅನ್ನುವ ಮಾತಿಗೆ ಬರೋಣ. ನನಗೆ ಈ ಕೇಸಿನಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಕಂಡದ್ದು ಇಲ್ಲೇ. ಕೋಚ್ ಲಂಚ ತಿಂದು ಧಣಿಗೆ, ಅಂದರೆ ಕಾಲೇಜಿಗೆ, ನಿಯತ್ತು ತಪ್ಪಿದ ಎನ್ನುವುದು ಮುಖ್ಯ ಆರೋಪ. ಕಾಲೇಜು ಮೋಸಹೋದ ಪಕ್ಷ. ಸರಿ, ದುಡ್ಡು ಕೋಚ್‌ನ ಜೇಬಿಗೆ ಹೋಗದೆ ಕಾಲೇಜಿನ ಖಾತೆಗೇ ಹೋಗಿದ್ದರೆ? ಸ್ಟ್ಯಾನ್‌ಫರ್ಡ್‌ನ ಹಾಯಿದೋಣಿ ಕೋಚ್ ತನಗೆ ಅಂತ ಒಂದು ಡಾಲರ್ ಇಟ್ಟುಕೊಂಡಿರಲಿಲ್ಲ, ಎಲ್ಲ ತಂಡದ ಖಾತೆಗೆ ಹಾಕಿದ್ದ. ಅವನಿಗೆ ಬಿದ್ದದ್ದು ಒಂದೇ ದಿನದ ಸಜೆ, ಅದೂ ಆಗಲೇ ಮುಗಿದಿದೆ ಅಂತ ಲೆಕ್ಕ ಹಾಕಿದರು. ತಪ್ಪೊಪ್ಪಿಕೊಳ್ಳದೆ ವಿಚಾರಣೆಗೆ ನಿಂತು ಸೋತಿದ್ದ ಇಬ್ಬರು ತಂದೆಯರು ಇದೇ ವಾದ ಹಿಡಿದು ಮೇಲ್ಮನವಿ ಹಾಕಿದರು. 2023ರ ಮೇನಲ್ಲಿ ಬಾಸ್ಟನ್ನಿನ ಮೇಲ್ಮನವಿ ಕೋರ್ಟು ಒಪ್ಪಿತು. ಮೋಸಹೋದೆ ಅನ್ನುವವನ ಕೈಗೇ ದುಡ್ಡು ಸೇರಿದ್ದರೆ ಅದನ್ನು ಈ ಕಾನೂನಿನಡಿ ಲಂಚ ಅನ್ನಲಾಗದು ಅಂತ ಹೇಳಿ, ಒಬ್ಬನ ಮೇಲಿದ್ದ ತೆರಿಗೆ ಆರೋಪವೊಂದನ್ನು ಬಿಟ್ಟು ಉಳಿದ ತೀರ್ಪು ರದ್ದು ಮಾಡಿತು. ಅಷ್ಟರೊಳಗೆ ತಪ್ಪೊಪ್ಪಿಕೊಂಡಿದ್ದ ಹೆಚ್ಚಿನವರು ಜೈಲಿಗೆ ಹೋಗಿ ಬಂದಾಗಿತ್ತು.

ಹಾಗಾಗಿ ಪಕ್ಕದ ಬಾಗಿಲಿಗೂ ಹಿಂಬಾಗಿಲಿಗೂ ಕಾನೂನು ಕಂಡ ದೊಡ್ಡ ವ್ಯತ್ಯಾಸ, ದುಡ್ಡು ಯಾರ ಜೇಬಿಗೆ ಹೋಯಿತು ಎನ್ನುವುದು. ನಕಲಿ ಅಂಕ, ನಕಲಿ ಫೋಟೊ ಬೇರೆ ಮಾತು, ಅದು ಶುದ್ಧ ಮೋಸ. ಆದರೆ ಸೀಟು ಕಳೆದುಕೊಂಡ ಯಾವುದೋ ಬಡವರ ಹುಡುಗಿಗೆ ಎರಡು ಬಾಗಿಲೂ ಒಂದೇ. 2023ರಲ್ಲೇ ಹಾರ್ವರ್ಡ್ ಮತ್ತು ಬ್ರೌನ್‌ನ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ ಹೇಳುವಂತೆ, ಅಂಕ ಒಂದೇ ಇದ್ದರೂ ಅತಿ ಶ್ರೀಮಂತ 1% ಮನೆಗಳ ಮಕ್ಕಳು ಇಂಥ ಕಾಲೇಜು ಸೇರುವ ಸಾಧ್ಯತೆ ಮಧ್ಯಮವರ್ಗದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಅವರಲ್ಲಿ ಯಾರೂ ಫೋಟೊ ತಿದ್ದಿಸಬೇಕಾಗಿಲ್ಲ. ಅಪ್ಪ ಅಲ್ಲೇ ಓದಿದ್ದ ಅನ್ನುವುದು, ದುಬಾರಿ ಶಾಲೆಯ ಶಿಫಾರಸು, ಕ್ರೀಡೆ, ಇಷ್ಟು ಸಾಕು.

ಮಕ್ಕಳಿಗೆ ಗೊತ್ತಿತ್ತಾ ಅಂದಿರಿ. ಕೆಲವರಿಗೆ ಚೆನ್ನಾಗಿಯೇ ಗೊತ್ತಿತ್ತು. ಪರೀಕ್ಷೆಯಲ್ಲಿ ಮೋಸ ಮಾಡಿ ದಕ್ಕಿಸಿಕೊಂಡೆ ಅಂತ ಉತ್ತರ ಹೇಳಿಕೊಟ್ಟವನ ಮುಂದೆಯೇ ಬೀಗಿದ ಹುಡುಗಿಯೂ ಇದ್ದಳು. ಹಲವರಿಗೆ ಗೊತ್ತಿರಲಿಲ್ಲ. ಒಬ್ಬ ತಾಯಿ ಮಗನ ಎಸಿಟಿಗೆ 50,000 ಡಾಲರಿಗೆ ಒಪ್ಪಿದ್ದರು. ಮಗನ ಕೈಬರಹದ ಮಾದರಿ ಕಳಿಸಿದರು, ಹೂಸ್ಟನ್ನಿನಲ್ಲಿ ಬಾಡಿಗೆ ಜಾಣ ಪರೀಕ್ಷೆ ಬರೆದು 36ಕ್ಕೆ 35 ತೆಗೆದ. ಆದರೆ ಮಗನಿಗೆ ಅನುಮಾನ ಬರಬಾರದಲ್ಲ. ಅದಕ್ಕೇ ಪ್ರಶ್ನೆಪತ್ರಿಕೆಯ ಪ್ರತಿ ತರಿಸಿಕೊಂಡು ಮನೆಯಲ್ಲೇ ಅವನಿಂದ ಬರೆಸುವ ಯೋಜನೆ ಹಾಕಿದರು, ನಾನೇ ಪರೀಕ್ಷೆ ಬರೆದೆ ಅಂತ ಅವನು ಅಂದುಕೊಳ್ಳಲಿ ಅಂತ. ಮಕ್ಕಳ ಮೇಲಿನ ಪ್ರೀತಿಯಿಂದ ಮಾಡಿದೆವು ಅಂತ ಕೋರ್ಟಿನಲ್ಲಿ ಬಹಳ ಜನ ಹೇಳಿದರು. ನನಗೇನೋ ಅದು ಪ್ರೀತಿಗಿಂತ ಜಾಸ್ತಿ, ಈ ಮಗುವಿನ ಕೈಲಿ ಆಗುವುದಿಲ್ಲ ಎನ್ನುವ ತೀರ್ಮಾನದ ಹಾಗೆ ಕಾಣಿಸಿತು.

ಆಮೇಲೆ ಏನಾದರೂ ಬದಲಾಯಿತಾ ಅಂತ ಕೇಳಿದರೆ, ಸ್ವಲ್ಪ. ಕೋಚ್ ಹೇಳಿದವರು ನಿಜವಾಗಿ ಆಡುತ್ತಾರಾ ಅಂತ ಕೆಲವು ಕಾಲೇಜುಗಳು ಪರಿಶೀಲಿಸಲು ಶುರುಮಾಡಿದವು. ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿ, ದಾನಿಗಳ ಮಕ್ಕಳಿಗೆ, ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಖಾಸಗಿ ಕಾಲೇಜುಗಳೂ ಆದ್ಯತೆ ಕೊಡಕೂಡದು ಅಂದಿತು. ಮುರಿದರೆ ದಂಡವಿಲ್ಲ, ಕಾಲೇಜಿನ ಹೆಸರನ್ನು ಸರ್ಕಾರ ವೆಬ್‌ಸೈಟ್‌ನಲ್ಲಿ ಹಾಕುತ್ತದೆ, ಅಷ್ಟೇ. ಕೋಚ್‌ಗಳ ಪಟ್ಟಿಯನ್ನು ಆ ಕಾನೂನು ಮುಟ್ಟಲೇ ಇಲ್ಲ.